ಐರ್ಲೆಂಡ್ ಬಂದೂಕು ಹಿಡಿದದ್ದೇಕೆ?

ಅಂಕೋಲೆಯ ಮಾಸ್ತರ:
ನಮ್ಮೂರಿನವರು 1930ರಲ್ಲಿ ಉಪ್ಪು ಮಾಡಿದರು, ಮುಂದೆ ಕರ ಕೊಡದೆ ಜಮೀನನ್ನೂ ಕಳೆದುಕೊಂಡರು, ಬಂದೂಕು ಮುಟ್ಟಲಿಲ್ಲ. ಅದೇ ಬ್ರಿಟಿಷರ ವಿರುದ್ಧ ಐರಿಷ್ ಜನ ಬಂದೂಕನ್ನು ನೆಚ್ಚಿದ್ದೇಕೆ? ತರಗತಿಯಲ್ಲಿ ಮಕ್ಕಳು ಬಿಡದೆ ಕೇಳುತ್ತಿದ್ದಾರೆ.

ಶಿರಸಿಯಿಂದ:
ಮಾಸ್ತರರೇ, ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಲ್ಲಿ 1916ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ದಂಗೆಗೆ ಮೊದಮೊದಲು ಜನಬೆಂಬಲ ಕಡಿಮೆಯೇ ಇತ್ತು. ಜನರ ಮನಸ್ಸು ತಿರುಗಿಸಿದ್ದು ದಂಗೆಯ ನಾಯಕರಿಗೆ ಬ್ರಿಟಿಷರು ಕೊಟ್ಟ ಮರಣದಂಡನೆಗಳು. ಗಾಯಗೊಂಡು ನಿಲ್ಲಲಾರದ ದಂಗೆಯ ನಾಯಕ ಜೇಮ್ಸ್ ಕಾನಲಿಯನ್ನು ಕುರ್ಚಿಯಲ್ಲಿ ಕೂರಿಸಿ ಗುಂಡಿಕ್ಕಿದರು! 1918ರ ಚುನಾವಣೆಯಲ್ಲಿ ಸ್ವಾತಂತ್ರ್ಯ ಬಯಸಿದ ಶಿನ್ ಫೇನ್ ಪಕ್ಷ ಐರ್ಲೆಂಡಿನ 105ರಲ್ಲಿ 73 ಸ್ಥಾನ ಗೆದ್ದಿತು. ಆ ಜನಾದೇಶವನ್ನೂ ಲಂಡನ್ ಮನ್ನಿಸಲಿಲ್ಲ. ಆಮೇಲೆ 1921ರ ಜುಲೈವರೆಗೆ ಗೆರಿಲ್ಲಾ ಯುದ್ಧ.

ಕಾರವಾರದಿಂದ:
ಬಂದೂಕೊಂದೇ ಅಲ್ಲ. ಐರ್ಲೆಂಡಿನ ಕಾರ್ಕ್ ನಗರದ ಮೇಯರ್ ಟೆರೆನ್ಸ್ ಮ್ಯಾಕ್‌ಸ್ವೀನಿ 1920ರಲ್ಲಿ ಲಂಡನ್ನಿನ ಸೆರೆಮನೆಯಲ್ಲಿ 74 ದಿನ ಉಪವಾಸವಿದ್ದು ಪ್ರಾಣಬಿಟ್ಟರು. 1929ರಲ್ಲಿ ಲಾಹೋರಿನ ಸೆರೆಯಲ್ಲಿ 63 ದಿನ ಅನ್ನ ಬಿಟ್ಟು ಮಡಿದ ಜತೀಂದ್ರನಾಥ ದಾಸರ ವಿಷಯವನ್ನೂ ದಯವಿಟ್ಟು ಮಕ್ಕಳಿಗೆ ಹೇಳಿ.