ಪದಚರ್ಚೆ: ‘ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್’ಗೆ ಏನನ್ನೋಣ? (ನಾಳೆ ಬೆಳಿಗ್ಗೆಯೊಳಗೆ ಬೇಕು)

> ದಾವಣಗೆರೆಯ ಒಂದು ಹೈಸ್ಕೂಲ್ ಲ್ಯಾಬಿನ ಹಳೇ ಮಷಿನ್‌ಗಳಲ್ಲಿ ಉಬುಂಟು ಲಿನಕ್ಸ್ ಇತ್ತು, ಅದರ ಗ್ನೋಮ್ ಡೆಸ್ಕ್‌ಟಾಪ್ (ಮೆನು, ಪ್ಯಾನೆಲ್, ಕಿಟಕಿಗಳ ನೋಟ) ಭಾರ ಆಗ್ತಿತ್ತು. ಈಗ ಅದಕ್ಕಿಂತ ಹಗುರವಾದ ಎಕ್ಸ್‌ಎಫ್‌ಸಿಇ ಕೂಡ ಹಾಕಿದ್ದೇವೆ. ಯಾವುದನ್ನು ಹೇಗೆ ಆರಿಸಬೇಕು ಅಂತ ಗೋಡೆಗೆ ಒಂದು ಫಲಕ ಬೇಕು. ‘ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್’, ‘ಸೆಷನ್’ (ಲಾಗಿನ್ ಆಗುವಾಗ ಪಟ್ಟಿಯಲ್ಲಿ ಆರಿಸೋದು) ಎರಡಕ್ಕೂ ಕನ್ನಡ ಹೇಳಿ. ಫ್ಲೆಕ್ಸ್ ಅಂಗಡಿಯವರು ನಾಳೆ ಬೆಳಿಗ್ಗೆ ಮ್ಯಾಟರ್ ಕೇಳಿದ್ದಾರೆ.

‘ಪರಿಸರ’ ಬೇಡವೇ ಬೇಡ. ಮೇಲೆ ಇಬ್ಬರು ‘ಗಣಕತೆರೆ ಪರಿಸರ’ ಅಂತ ಕೊಟ್ಟಿದ್ದಾರೆ. ಹೈಸ್ಕೂಲ್ ಮಕ್ಕಳಿಗೆ ಪರಿಸರ ಅಂದ್ರೆ ಜೂನ್ 5, ಗಿಡ ನೆಡೋದು, ಪ್ರಬಂಧ ಬರೆಯೋದು. ಆ ಫಲಕ ಓದಿ ಯಾವ ಹುಡುಗಿಗೆ ಏನು ತಿಳಿಯುತ್ತದೆ?

ಅಷ್ಟಕ್ಕೂ ಈ ‘ಎನ್ವಿರಾನ್‌ಮೆಂಟ್’ ಬಂದದ್ದೆಲ್ಲಿಂದ ನೋಡಿ. 1993ರಲ್ಲಿ ಯೂನಿಕ್ಸ್ (ಲಿನಕ್ಸ್‌ಗಿಂತ ಹಳೇ ಆಪರೇಟಿಂಗ್ ಸಿಸ್ಟಂ) ಮಾರುವ ಕಂಪನಿಗಳು ಸೇರಿ ‘ಕಾಮನ್ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್’ ಘೋಷಿಸಿದವು. 1996ರಲ್ಲಿ ಮಥಿಯಾಸ್ ಎಟ್ರಿಕ್ ಕೆಡಿಇ ಅನ್ನೋ ಇನ್ನೊಂದು ಡೆಸ್ಕ್‌ಟಾಪ್ ಶುರು ಮಾಡಿದಾಗ ಮೊದಲ ಪದವನ್ನಷ್ಟೇ ಬದಲಿಸಿ, ‘ಕಾಮನ್’ ಜಾಗದಲ್ಲಿ ‘ಕೂಲ್’ ಅಂದರು. ಅದೇ ವರ್ಷದ ಎಕ್ಸ್‌ಎಫ್‌ಸಿಇಯ ಕೊನೆಯ ‘ಇ’ ಕೂಡ ಎನ್ವಿರಾನ್‌ಮೆಂಟೇ. 1997ರ ಗ್ನೋಮ್‌ನದೂ ಅದೇ. ಆಮೇಲೆ? ಮೂರೂ ಆ ವಿಸ್ತರಣೆ ಕೈಬಿಟ್ಟವು. ಕೆಡಿಇ ಅಂದ್ರೆ ಈಗ ಒಂದು ಬಳಗದ ಹೆಸರು, ಡೆಸ್ಕ್‌ಟಾಪಿಗೆ ಪ್ಲಾಸ್ಮಾ ಅಂತಾರೆ. ಹೆತ್ತವರೇ ಬಿಟ್ಟ ಪದವನ್ನು ಕನ್ನಡ ಯಾಕೆ ಹೊತ್ತುಕೊಂಡು ತಿರುಗಬೇಕು?

ನನ್ನ ಉತ್ತರ: ಡೆಸ್ಕ್‌ಟಾಪ್ ಸಜ್ಜು.

ಕುದುರೆ ಅದೇ, ಜೀನು, ಲಗಾಮು, ಗೊಂಡೆ ಬೇರೆ. ಅದಕ್ಕೆ ‘ಕುದುರೆಯ ಸಜ್ಜು’ ಅಂತಲೇ ಅನ್ನುತ್ತೇವೆ. ಇಲ್ಲಿಯೂ ಲಿನಕ್ಸ್ ಅದೇ, ನಿಮ್ಮ ಹೋಂ ಫೋಲ್ಡರಿನ ಕಡತಗಳೂ ಅವೇ. ಬದಲಾಗೋದು ಪ್ಯಾನೆಲ್, ಮೆನು, ಕಿಟಕಿಗಳ ಅಂಚು, ಸೆಟ್ಟಿಂಗ್ಸ್. ಕಡತ ತೆರೆಯಲು ಗ್ನೋಮ್‌ನಲ್ಲಿ ನಾಟಿಲಸ್, ಎಕ್ಸ್‌ಎಫ್‌ಸಿಇಯಲ್ಲಿ ಥುನಾರ್. ಎರಡೂ ಹಾಕಿದ ಮಷಿನ್ನಿನ ಮೆನುವಿನಲ್ಲಿ ಎರಡೆರಡು ಫೈಲ್ ಮ್ಯಾನೇಜರ್, ಎರಡೆರಡು ಟರ್ಮಿನಲ್ ಕಾಣುತ್ತವೆ. ಮಕ್ಕಳು ತಬ್ಬಿಬ್ಬಾಗೋದು ಅಲ್ಲೇ. ‘ಇದು ಈ ಸಜ್ಜಿನದು, ಅದು ಆ ಸಜ್ಜಿನದು’ ಅಂದ್ರೆ ಒಂದೇ ಮಾತಿಗೆ ಮುಗಿಯಿತು. ‘ಈ ಪರಿಸರದ ಟರ್ಮಿನಲ್’ ಅಂತ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ.

ಇದಕ್ಕೆ ಒಬ್ಬರ ತಕರಾರು:

> ‘ಸಜ್ಜು’ ಸಂಸ್ಕೃತದ ‘ಸಜ್ಜ’ದಿಂದ ಬಂದದ್ದು. ಅದರ ಬದಲು ‘ಮೇಲ್ಮೇಜು ಸುತ್ತಣ’ ಅನ್ನಿ, ಅದು ಅಚ್ಚಗನ್ನಡ.

ಗೊತ್ತಿದೆ. ಆದರೆ ‘ಮೇಜು’ ಎಲ್ಲಿಯದು? ಪಾರಸಿಯ ‘ಮೇಜ್’. ಅಚ್ಚಗನ್ನಡದ ಹೆಸರಲ್ಲಿ ಅದನ್ನು ಒಳಗೆ ಬಿಟ್ಟು ‘ಸಜ್ಜು’ವನ್ನು ಬಾಗಿಲಲ್ಲಿ ನಿಲ್ಲಿಸೋದು ಯಾವ ನ್ಯಾಯ?

ದಾವಣಗೆರೆಯಲ್ಲಿ ಕೂತು ಈ ಮಡಿ ಮಾಡೋದು ನನಗಂತೂ ಅರ್ಥವಾಗುವುದಿಲ್ಲ. ಮಂಡಿಪೇಟೆಯ ‘ಮಂಡಿ’ ಉತ್ತರದಿಂದ ಬಂದದ್ದು. ಹಿಂದೆ ಹತ್ತಿ ಮಿಲ್ಲುಗಳ ಊರಾಗಿತ್ತು ಇದು. ‘ಮಿಲ್ಲು’ವಿಗೆ ಯಾರೂ ಸಮಿತಿ ಕೂರಿಸಿ ಪದ ಹುಡುಕಲಿಲ್ಲ. ಕೂಲಿಕಾರರು ಕೊನೆಗೊಂದು ಉಕಾರ ಹಚ್ಚಿದರು. ಮಿಲ್ಲಿಗೆ, ಮಿಲ್ಲಿನಿಂದ, ಮಿಲ್ಲಲ್ಲಿ ಅಂತ ವಿಭಕ್ತಿ ಹತ್ತಿತು, ಕನ್ನಡ ಆಯಿತು. ಡೆಸ್ಕ್‌ಟಾಪಿಗೂ ಹಾಗೇ ಹತ್ತುತ್ತದೆ. ಹಾಗಾಗಿ ಅದನ್ನು ಮುಟ್ಟಬೇಡಿ. ‘ಗಣಕತೆರೆ’ ಅಂತ ಬರೆದರೆ ಪಕ್ಕದಲ್ಲಿ ಡೆಸ್ಕ್‌ಟಾಪ್ ಅಂತ ಮತ್ತೆ ಬರೆಯಲೇಬೇಕಾಗುತ್ತದೆ. ಸುಮ್ನೆ ಜಾಗ ದಂಡ.

‘ಸೆಷನ್’ಗೆ ‘ಅಧಿವೇಶನ’ ಅಂದವರಿಗೆ: ಅದು ವಿಧಾನಸೌಧದಲ್ಲಿ ನಡೆಯಲಿ. ಪರದೆಯ ಪಟ್ಟಿಯಲ್ಲಿ ‘ಎಕ್ಸ್‌ಎಫ್‌ಸಿಇ ಸೆಷನ್’ ಅಂತಲೇ ಇದ್ದರೆ ಫಲಕದಲ್ಲೂ ಅದೇ ಇರಬೇಕು, ಅಲ್ವಾ? ಮಕ್ಕಳು ಅಕ್ಷರ ಹೊಂದಿಸಿ ನೋಡಿ ಒತ್ತುತ್ತಾರೆ.

ಫಲಕಕ್ಕೆ ಇಷ್ಟು ಸಾಕು:

“ನಿಮ್ಮ ಡೆಸ್ಕ್‌ಟಾಪ್ ಸಜ್ಜು ಆರಿಸಿಕೊಳ್ಳಿ. ಲಾಗಿನ್ ಪರದೆಯಲ್ಲಿ ನಿಮ್ಮ ಹೆಸರು ಒತ್ತಿ. ಪಾಸ್‌ವರ್ಡ್ ಕೊಡುವ ಮೊದಲು ಕೆಳಗೆ ಬಲಗಡೆಯ ಹಲ್ಲುಚಕ್ರ ಒತ್ತಿ. ಪಟ್ಟಿಯಲ್ಲಿ ‘ಎಕ್ಸ್‌ಎಫ್‌ಸಿಇ ಸೆಷನ್’ ಆರಿಸಿ. ಯಾವ ಸಜ್ಜು ಆರಿಸಿದರೂ ನಿಮ್ಮ ಕಡತಗಳು ಹಾಗೇ ಇರುತ್ತವೆ.”

ಕೊನೆಯ ವಾಕ್ಯ ದಯವಿಟ್ಟು ತೆಗೆಯಬೇಡಿ. ಹೊಸ ಮೆನು ಕಂಡ ಕೂಡಲೇ ಮಕ್ಕಳು ಹೆದರೋದು ತಮ್ಮ ಕಡತ ಹೋಯಿತು ಅಂತಲೇ.

ಒಂದು ಎಚ್ಚರ. ಎಕ್ಸ್‌ಎಫ್‌ಸಿಇ ಇನ್‌ಸ್ಟಾಲ್ ಆಗುವಾಗ ಲಾಗಿನ್ ಪರದೆ ತೋರಿಸೋಕೆ ಜಿಡಿಎಂ3 ಬೇಕೋ ಲೈಟ್‌ಡಿಎಂ ಬೇಕೋ ಅಂತ ಕೇಳಿರಬಹುದು. ಲೈಟ್‌ಡಿಎಂ ಆರಿಸಿದ್ದರೆ ಸೆಷನ್ ಆರಿಸುವ ಗುರುತು ಬೇರೆ ಜಾಗದಲ್ಲಿರುತ್ತದೆ. ಒಂದು ಮಷಿನ್ ಆನ್ ಮಾಡಿ, ಕಣ್ಣಾರೆ ನೋಡಿ, ಆಮೇಲೆ ‘ಕೆಳಗೆ ಬಲಗಡೆ’ ಅಂತ ಅಚ್ಚು ಹಾಕಿಸಿ.

ಅಂಗಡಿಗೆ ಮ್ಯಾಟರನ್ನು ಪಿಡಿಎಫ್ ಮಾಡಿಯೇ ಕೊಡಿ. ಯೂನಿಕೋಡ್ ಅಕ್ಷರ ಹಾಗೇ ಕಳಿಸಿದರೆ ಅವರ ಹಳೇ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆಯುವ ಸಂಭವ ಜಾಸ್ತಿ. ‘ಸಜ್ಜು’ ಹೋಗಿ ‘ಸಜ್‌ಜು’ ಅಂತ ಬಂದೀತು.