ದೂರ, ಜವ, ಕಾಲದ ಲೆಕ್ಕ: ಯಾವುದರಿಂದ ಯಾವುದನ್ನು ಕಳೆಯಬೇಕು?

ಪ್ರಶ್ನೆ: ಪಾಲಕರು, ಕೊಪ್ಪಳ

ಎಸ್ಸೆಸ್ಸೆಲ್ಸಿ ಓದುತ್ತಿರುವ ನನ್ನ ಮಗಳಿಗೆ ವರ್ಗಸಮೀಕರಣ ಬಿಡಿಸುವುದು ಚೆನ್ನಾಗಿ ಬರುತ್ತದೆ. ಆದರೆ ವಾಕ್ಯರೂಪದ ಲೆಕ್ಕವನ್ನು ಓದಿ ಸಮೀಕರಣವನ್ನು ತಾನೇ ಬರೆದುಕೊಳ್ಳಬೇಕಾದಾಗ ತಡವರಿಸುತ್ತಾಳೆ. ಲೆಕ್ಕ ಹೀಗಿದೆ: ಒಂದು ಬಸ್ಸು 180 ಕಿ.ಮೀ. ದೂರವನ್ನು ಏಕರೂಪ ಜವದಲ್ಲಿ ಕ್ರಮಿಸುತ್ತದೆ. ಜವವು ಗಂಟೆಗೆ 15 ಕಿ.ಮೀ. ಹೆಚ್ಚಿದ್ದರೆ ಅದು 1 ಗಂಟೆ ಮೊದಲೇ ತಲುಪುತ್ತಿತ್ತು. ಹಾಗಾದರೆ ಬಸ್ಸಿನ ಜವವೆಷ್ಟು?

ಜವವನ್ನು ‘ಜ’ ಎಂದಿಟ್ಟುಕೊಂಡು ಅವಳು 180/(ಜ + 15) − 180/ಜ = 1 ಎಂದು ಬರೆದಳು. ಅದರಿಂದ ಜ² + 15ಜ + 2700 = 0 ಬಂತು. ಶೋಧಕ (ಅಂದರೆ b² − 4ac ಬೆಲೆ) ಋಣವಾಗಿರುವುದರಿಂದ ವಾಸ್ತವ ಮೂಲಗಳೇ ಇಲ್ಲ. ನಾನು ಉತ್ತರ ಹೇಳಿಬಿಡಬಹುದು. ಆದರೆ ಚಿಹ್ನೆಯನ್ನು ಅವಳೇ ನಿರ್ಧರಿಸುವಂತೆ ಹೇಗೆ ಕಲಿಸಲಿ?

ಉತ್ತರ: ಗಣಿತ ಶಿಕ್ಷಕಿ, ಬಳ್ಳಾರಿ

ಸರ್, ಅಕ್ಷರ ಬಳಸುವ ಮೊದಲು ಅವಳಿಂದ ಒಂದು ಅಂಕಿಯನ್ನು ಊಹಿಸಿ ಹೇಳಿಸಿ. ಜವ 30 ಎನ್ನಲಿ. ಆಗ ಕಾಲ 180/30, ಅಂದರೆ 6 ಗಂಟೆ. ಜವ 45 ಆದರೆ 4 ಗಂಟೆ. ಜವ ಹೆಚ್ಚಿದಾಗ ಕಾಲ ಇಳಿಯಿತೆಂಬುದನ್ನು ಅವಳು ತನ್ನ ಕಣ್ಣಾರೆ ಕಂಡ ಮೇಲೆ, 180/ಜ ಎಂಬುದೇ ದೊಡ್ಡದು, ಅದರಿಂದಲೇ ಇನ್ನೊಂದನ್ನು ಕಳೆಯಬೇಕು ಎಂಬುದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ವ್ಯತ್ಯಾಸ 2 ಗಂಟೆ ಬಂದಿದೆ, ನಮಗೆ ಬೇಕಾದದ್ದು 1. ಆದ್ದರಿಂದ ನಿಜವಾದ ಜವ 30ಕ್ಕಿಂತ ಹೆಚ್ಚೆಂಬುದೂ ತಿಳಿಯುತ್ತದೆ.

180/ಜ − 180/(ಜ + 15) = 1 ಎಂಬುದರಿಂದ ಜ² + 15ಜ − 2700 = 0 ದೊರೆಯುತ್ತದೆ; ಅಪವರ್ತಿಸಿದರೆ (ಜ + 60)(ಜ − 45) = 0. ಜವ ಋಣವಾಗದ ಕಾರಣ ಉತ್ತರ 45. ತಾಳೆ ನೋಡಿ: 4 ಗಂಟೆ ಮತ್ತು 3 ಗಂಟೆ.

ಇನ್ನೊಂದು ಅಭ್ಯಾಸವನ್ನು ನಾನು ಪ್ರತಿ ತರಗತಿಯಲ್ಲೂ ಒತ್ತಿ ಹೇಳುತ್ತೇನೆ. ದೂರ, ಜವ, ಕಾಲ ಎಂದು ಮೂರು ಕಂಬಸಾಲು ಎಳೆದು, ಎರಡೂ ಪ್ರಯಾಣಗಳಿಗೆ ಒಂದೊಂದು ಅಡ್ಡಸಾಲು ತುಂಬಿಸಬೇಕು. ಹಾಗೆ ತುಂಬಿಸಿದ ಮೇಲೆ ಲೆಕ್ಕದಲ್ಲಿ ಯಾವ ಮಾತು ಬಳಕೆಯಾಗದೆ ಉಳಿಯುತ್ತದೆಯೋ ಅದೇ ಸಮೀಕರಣವಾಗುತ್ತದೆ. ಇಲ್ಲಿ ಉಳಿದದ್ದು ‘1 ಗಂಟೆ ಮೊದಲೇ’ ಎಂಬ ಮಾತು.

ಉತ್ತರ: ಡಿಪ್ಲೊಮಾ ವಿದ್ಯಾರ್ಥಿ, ರಾಯಚೂರು

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ‘20 ನಿಮಿಷ ಮೊದಲು’ ಎಂದಿದ್ದರೆ ಬಲಬದಿಗೆ 20 ಅಲ್ಲ, 1/3 ಬರೆಯಬೇಕು. ಸರಾಸರಿ ಜವದಲ್ಲಿಯೂ ಅನೇಕರು ಎಡವುತ್ತಾರೆ. ಸುಗ್ಗಿಯಲ್ಲಿ ಸಿಂಧನೂರಿನ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಗಂಟೆಗೆ 40 ಕಿ.ಮೀ. ಜವದಲ್ಲಿ ಹೋಗಿ, ಅದೇ ದಾರಿಯಲ್ಲಿ 60ರ ಜವದಲ್ಲಿ ಮರಳಿದರೆ ಸರಾಸರಿ 50 ಅಲ್ಲ, 48. ಏಕೆಂದರೆ ನಿಧಾನವಾಗಿ ಸಾಗಿದ ಭಾಗಕ್ಕೆ ಹೆಚ್ಚು ಕಾಲ ಹಿಡಿದಿರುತ್ತದೆ.

ಪ್ರಶ್ನಿಸಿದವರು:

ಇಬ್ಬರಿಗೂ ಧನ್ಯವಾದಗಳು. 30 ಇಟ್ಟು ನೋಡಿದ ಕೂಡಲೇ ಮಗಳು ಚಿಹ್ನೆಯನ್ನು ತಾನೇ ತಿದ್ದಿಕೊಂಡಳು. ಹೊಳೆಯ ದೋಣಿಯ ಲೆಕ್ಕಗಳಿಗೂ ಇದೇ ಕ್ರಮವೇ?

ಉತ್ತರ: ಗಣಿತ ಶಿಕ್ಷಕಿ, ಬಳ್ಳಾರಿ

ಇದೇ ಕ್ರಮ, ಸರ್. ಆನೆಗೊಂದಿಯ ಬಳಿ ತುಂಗಭದ್ರೆಯಲ್ಲಿ ಒಂದು ದೋಣಿ ಸಾಗುತ್ತಿದೆ ಎಂದುಕೊಳ್ಳಿ: ನಿಂತ ನೀರಿನಲ್ಲಿ ಅದರ ಜವ ಗಂಟೆಗೆ 5 ಕಿ.ಮೀ., 12 ಕಿ.ಮೀ. ಸಾಗಲು ಪ್ರವಾಹದ ದಿಕ್ಕಿಗಿಂತ ಎದುರಿಗೆ 1 ಗಂಟೆ ಹೆಚ್ಚು ಬೇಕು. ಪ್ರವಾಹದ ಜವ ‘ಹ’ ಆದರೆ 12/(5 − ಹ) − 12/(5 + ಹ) = 1. ಇಲ್ಲಿ ಎದುರು ಹೋಗುವ ಕಾಲವೇ ದೊಡ್ಡದು. ಬಿಡಿಸಿದರೆ ಹ² + 24ಹ − 25 = 0; ಮೂಲಗಳು 1 ಮತ್ತು −25. ಪ್ರವಾಹದ ಜವ ಗಂಟೆಗೆ 1 ಕಿ.ಮೀ.