ಸೈಕಲ್ ಶುರುಮಾಡಿದ ಮೇಲೆ ದೊಲ್ಯೊ ಚಾಗಿ ಒದೆತ ತಲೆಯೆತ್ತರಕ್ಕೆ ಏಳುತ್ತಿಲ್ಲ

ಹಸಿರುಪಟ್ಟಿ:
ಟೇಕ್ವಾಂಡೊ ಸೇರಿ ಎರಡು ವರ್ಷವಾಯಿತು, ವಯಸ್ಸು 34. ಮೂರನೆಯ ಸುತ್ತಿಗೆ ಏದುಸಿರು ಬರುತ್ತಿತ್ತು. ದಮ್ಮು ಹೆಚ್ಚಲಿ ಎಂದು ಮೂರು ತಿಂಗಳಿಂದ ವಾರಕ್ಕೆ ಐದು ದಿನ ಸೈಕಲ್‌ನಲ್ಲೇ ಕಚೇರಿಗೆ ಹೋಗಿಬರುತ್ತಿದ್ದೇನೆ, ಒಟ್ಟು 24 ಕಿ.ಮೀ. ದಮ್ಮು ಬಂತು, ಒದೆತ ಹೋಯಿತು! ಬಲಗಾಲಿನ ದೊಲ್ಯೊ ಚಾಗಿ (ಪಕ್ಕದಿಂದ ಸುತ್ತಿ ಬೀಸುವ ಒದೆತ) ಮೊದಲು ಎದುರಾಳಿಯ ಹೆಲ್ಮೆಟ್‌ಗೆ ತಾಗುತ್ತಿತ್ತು, ಈಗ ಎದೆಕವಚ ದಾಟುವುದಿಲ್ಲ. ತೊಡೆಯ ಹಿಂಭಾಗದ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಬಿಗಿದಿರಬೇಕೆಂದು ಒಂದು ತಿಂಗಳು ಬೆಳಗ್ಗೆ ಸಂಜೆ ಎಳೆದೆ. ಬಗ್ಗಿದರೆ ಅಂಗೈ ನೆಲ ಮುಟ್ಟುತ್ತದೆ, ಒದೆತ ಮಾತ್ರ ಇದ್ದಲ್ಲೇ ಇದೆ. ಸೈಕಲ್ ಬಿಟ್ಟುಬಿಡಲೇ?

ಕೆರೆಏರಿ_ಓಟ:
ಬಿಟ್ಟು ಓಡಲು ಆರಂಭಿಸಿ. ಓಟದಲ್ಲಿ ಕಾಲು ಹಿಂದಕ್ಕೂ ಹೋಗುತ್ತದೆ.

ಸವೆದಪಟ್ಟಿ:
ಸ್ವಲ್ಪ ತಡೆಯಿರಿ. ಅಂಗೈ ನೆಲ ಮುಟ್ಟುವವರಿಗೆ ಹ್ಯಾಮ್‌ಸ್ಟ್ರಿಂಗ್ ಅಡ್ಡಿಯಾಗಿರುವುದು ಅನುಮಾನ. ಮೊದಲು ಎರಡು ಪರೀಕ್ಷೆ ಮಾಡಿ.

ಮಂಚದ ತುದಿಯಲ್ಲಿ ಕುಳಿತು ಹಿಂದಕ್ಕೆ ಮಲಗಿ, ಒಂದು ಮಂಡಿಯನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಳ್ಳಿ. ಇನ್ನೊಂದು ಕಾಲನ್ನು ಸಡಿಲ ಬಿಡಿ. ಅದರ ತೊಡೆ ಹಾಸಿಗೆಗೆ ತಾಗುತ್ತದೆಯೇ, ಗಾಳಿಯಲ್ಲಿ ನಿಲ್ಲುತ್ತದೆಯೇ? ಆಮೇಲೆ ಒದೆಯುವಾಗ ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು, ಒದೆಯುವ ಕಾಲನ್ನಲ್ಲ, ನೆಲದ ಮೇಲಿನ ಕಾಲನ್ನು ನೋಡಿ.

ಹಸಿರುಪಟ್ಟಿ:
ನೋಡಿದೆ ಸರ್. ಎರಡು ತೊಡೆಯೂ ಹಾಸಿಗೆಗೆ ತಾಗಲಿಲ್ಲ. ಬಲತೊಡೆ ಎರಡು ಬೆರಳು ಮೇಲಿತ್ತು, ಎಡದ್ದು ನಾಲ್ಕು. ವಿಡಿಯೊ ನೋಡಿ ನಾಚಿಕೆಯಾಯಿತು. ಕಾಲು ಮೇಲೇಳುವಾಗ ಪೃಷ್ಠ ಹಿಂದಕ್ಕೆ ಉಳಿದು, ಕುರ್ಚಿಗೆ ಕೂರಲು ಹೊರಟವನ ಹಾಗೆ ಕಾಣುತ್ತಿದ್ದೇನೆ.

ಸವೆದಪಟ್ಟಿ:
ಕಳ್ಳ ಸಿಕ್ಕಿದ. ಬಲಗಾಲು ಮೇಲೇಳಬೇಕಾದರೆ ಎಡಗಾಲಿನ ಮೇಲೆ ಸೊಂಟ ಮುಂದಕ್ಕೆ ತೆರೆದುಕೊಳ್ಳಬೇಕು. ಎಡಸೊಂಟದ ಮುಂಭಾಗದ ಸ್ನಾಯು, ಹಿಪ್ ಫ್ಲೆಕ್ಸರ್, ಬಿಡದಿದ್ದರೆ ಸೊಂಟ ಹಿಂದೆಯೇ ಉಳಿಯುತ್ತದೆ. ಆಗ ಬಲಗಾಲನ್ನು ಎಷ್ಟು ಎಳೆದು ಹದ ಮಾಡಿದರೂ ಅಷ್ಟೇ.

ಸೈಕಲ್ ತುಳಿಯುವಾಗ ಸೊಂಟದ ಕೀಲು ಪೂರ್ತಿ ನೆಟ್ಟಗಾಗುವುದೇ ಇಲ್ಲ. ನಿಮಿಷಕ್ಕೆ 80 ಸುತ್ತಿನಂತೆ 70 ನಿಮಿಷ ಎಂದುಕೊಂಡರೂ ಒಂದೊಂದು ಕಾಲು 5,600 ಬಾರಿ ಅದೇ ಮಡಚಿದ ಅಳತೆಯಲ್ಲಿ ತಿರುಗುತ್ತದೆ. ನಡುವೆ ಎಂಟು ಗಂಟೆ ಕುರ್ಚಿ ಬೇರೆ. ಸ್ನಾಯು ಗಿಡ್ಡವಾಯಿತು ಎಂದೇನೂ ಅಲ್ಲ, ಕೊನೆಯ ತನಕ ಚಾಚುವ ರೂಢಿ ತಪ್ಪಿದೆ.

ಓಟಕ್ಕೆ ಬದಲಾಯಿಸಬೇಡಿ. ಸಣ್ಣ ಹೆಜ್ಜೆಯ ನಿಧಾನದ ಓಟವೂ ಸೊಂಟವನ್ನು ಹೆಚ್ಚೇನೂ ತೆರೆಯುವುದಿಲ್ಲ, ಜೊತೆಗೆ ಮೀನಖಂಡ ಬಿಗಿಯುತ್ತದೆ. ಅಂದಹಾಗೆ ನಿಮ್ಮ ಸೈಕಲಿನ ಸೀಟು ಎಷ್ಟು ಎತ್ತರವಿದೆ?

ಹಸಿರುಪಟ್ಟಿ:
ಸಿಗ್ನಲ್‌ನಲ್ಲಿ ಕೂತಲ್ಲೇ ಎರಡೂ ಪಾದ ಊರಲೆಂದು ತಗ್ಗಿಸಿದ್ದೇನೆ.

ಸವೆದಪಟ್ಟಿ:
ಅದೇ ಎಂದುಕೊಂಡೆ! ಸೀಟು ತಗ್ಗಿದಷ್ಟೂ ಮಂಡಿ, ಸೊಂಟ ಎರಡೂ ಹೆಚ್ಚು ಮಡಚಿಕೊಳ್ಳುತ್ತವೆ. ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಅಷ್ಟು ಏರಿಸಿ.

ಐದು ದಿನದ ಸೈಕಲನ್ನು ಮೂರಕ್ಕೆ ಇಳಿಸಿ. ಉಳಿದ ಎರಡು ದಿನ ಹಗ್ಗದಾಟ: ಎರಡು ನಿಮಿಷ ಜಿಗಿತ, ಒಂದು ನಿಮಿಷ ವಿರಾಮ. ಪಂದ್ಯದ ಸುತ್ತಿನ ಲೆಕ್ಕವೂ ಅದೇ ಅಲ್ಲವೇ? ಹಗ್ಗವೂ ಮೀನಖಂಡ ಹಿಡಿಯುತ್ತದೆ, ಆದರೆ ನಿಮ್ಮದು ಹದಿನೈದು ನಿಮಿಷದ ಬಾಬತ್ತು. ನಮ್ಮ ಗರಡಿಮನೆಗಳ ಬಸ್ಕಿಯೂ ದಮ್ಮು ಕಟ್ಟುತ್ತದೆ, ಸೊಂಟವನ್ನು ಪೂರ್ತಿ ಮಡಚಿ ಪೂರ್ತಿ ನೆಟ್ಟಗೆ ಮಾಡುತ್ತದೆ. ಅದಕ್ಕೆ ಹಗ್ಗವೂ ಬೇಡ.

ಸೈಕಲಿನಿಂದ ಇಳಿದೊಡನೆ ಎಡಮಂಡಿ ಊರಿ, ಬಲಪಾದ ಮುಂದಿಟ್ಟು, ಎಡಪೃಷ್ಠವನ್ನು ಬಿಗಿಹಿಡಿದು ಸೊಂಟವನ್ನು ತುಸು ಮುಂದೆ ತಳ್ಳಿ. ಬೆನ್ನು ಬಾಗಿಸಿದರೆ ಏನೂ ಪ್ರಯೋಜನವಾಗದು, ಎಲ್ಲರೂ ಎಡವುವುದು ಅಲ್ಲೇ. 30 ಸೆಕೆಂಡು, ಮೂರು ಬಾರಿ, ಎರಡೂ ಬದಿ. ತರಗತಿಗೆ ಮುಂಚೆ ಇಷ್ಟು ಹೊತ್ತು ಹಿಡಿಯುವುದು ಬೇಡ, ಕಾಲು ಬೀಸಿದರೆ ಸಾಕು. ಎಳೆದು ಹಿಡಿದೊಡನೆ ಒದೆತದ ಬಿರುಸು ಸ್ವಲ್ಪ ಹೊತ್ತು ತಗ್ಗಬಹುದು.

ಇನ್ನೊಂದು ಮಾತು: ಒದೆಯುವಾಗ ಎಡಹಿಮ್ಮಡಿ ಗುರಿಯ ಕಡೆ ತಿರುಗುತ್ತಿದೆಯೇ ನೋಡಿ. ತಿರುಗದಿದ್ದರೆ ಅಡ್ಡ ಬರುವುದು ಸ್ನಾಯುವಲ್ಲ, ಮೂಳೆ. ಸೊಂಟದಲ್ಲಿ ಚುಚ್ಚಿದಂಥ ನೋವು ಬಂದರೆ ನಿಲ್ಲಿಸಿ ಫಿಸಿಯೊಥೆರಪಿಸ್ಟರಿಗೆ ತೋರಿಸಿ.

ಹಸಿರುಪಟ್ಟಿ (ಆರು ವಾರದ ನಂತರ):
ಎಡತೊಡೆ ಈಗ ಒಂದು ಬೆರಳಷ್ಟೇ ಮೇಲಿದೆ. ಒದೆತ ಎದುರಾಳಿಯ ಗದ್ದದ ತನಕ ಬಂದಿದೆ, ಹೆಲ್ಮೆಟ್‌ಗೆ ಇನ್ನೂ ಒಂದು ಗೇಣು ಬಾಕಿ. ಹಿಮ್ಮಡಿಯೂ ಅರ್ಧವೇ ತಿರುಗುತ್ತಿತ್ತು, ಆ ತಪ್ಪು ಸೈಕಲ್‌ಗಿಂತ ಹಳೆಯದು. ಮೂರನೆಯ ಸುತ್ತಿನಲ್ಲಿ ಉಸಿರು ಉಳಿಯುತ್ತಿದೆ. ಸೀಟು ಏರಿಸಿದ ಮೇಲೆ ಸಿಗ್ನಲ್‌ನಲ್ಲಿ ಫುಟ್‌ಪಾತ್ ಹುಡುಕಿ ಒಂದು ಕಾಲು ಊರುತ್ತಿದ್ದೇನೆ.